ಬಣ್ಣ ಮಾಸದ ಬಾಚಣಿಗೆ

ಕಲಾಕೃತಿಗಳನ್ನು ಮಾರುವ ಚಿತ್ರದಂಗಡಿಯವರು ತಲೆಗೆ ಬಣ್ಣ ಹಾಕಿಸಿಕೊಳ್ಳಲು ಬರುತ್ತಿದ್ದುದು ಅಕ್ಕತಂಗಿಯರ ಸಲೂನು ಊಟಕ್ಕೆ ಮುಚ್ಚಿರುವ ಹೊತ್ತಿನಲ್ಲಿ, ಅದೂ ಹಿಂಬಾಗಿಲಿನಿಂದ. ಆ ಕಪ್ಪು ಕೂದಲು ಹುಟ್ಟಿನಿಂದ ಬಂದದ್ದೆಂದು ಪೇಟೆಯೆಲ್ಲ ನಂಬಿತ್ತು. ಆ ನಂಬಿಕೆ ಉಳಿದಿದ್ದು ದೊಡ್ಡಕ್ಕನ ಕೈಗುಣದಿಂದ. ಬಂದವರೇ ಕನ್ನಡಕ ತೆಗೆದು ಜೇಬಿಗಿಳಿಸುತ್ತಿದ್ದುದರಿಂದ ಎದುರಿನ ಗೋಡೆಯಲ್ಲಿ ಏನಿದೆಯೆಂದು ಇಷ್ಟು ವರ್ಷ ಅವರಿಗೆ ಕಂಡಿರಲಿಲ್ಲ. ಆ ದಿನ ಮಾತ್ರ ಫೋನಿನಲ್ಲಿ ಏನೋ ಓದುತ್ತ ಕನ್ನಡಕ ಹಾಕಿಕೊಂಡೇ ಕುಳಿತಿದ್ದರು. ತಲೆಯೆತ್ತಿದವರು ಹೌಹಾರಿದರು.

"ಅಮ್ಮಾ, ಇದು ನಿಮ್ಮಲ್ಲಿಗೆ ಹೇಗೆ ಬಂತು?"

ಗೋಡೆಯಲ್ಲಿದ್ದುದು ನಾಲ್ಕು ಕೆಂಪು ಬಾಚಣಿಗೆಗಳ ದೊಡ್ಡ ಅಚ್ಚಿನ ಚಿತ್ರ.

"ಒಬ್ಬ ಕಲಾವಿದ ಹುಡುಗ ಕೊಟ್ಟಿದ್ದು ಸಾರ್. ಕೂದಲು ಕತ್ತರಿಸಿಕೊಳ್ಳೋಕೂ ಕಾಸಿರಲಿಲ್ಲ ಪಾಪ. ಗೋಡೆ ತೇವ ಹಿಡಿದಿತ್ತು, ಮರೆಯಾಗಲಿ ಅಂತ ನೇತುಹಾಕಿದೆ" ಎಂದಳು ದೊಡ್ಡಕ್ಕ, ಅವರ ನೆತ್ತಿಗೆ ಕಪ್ಪು ಬಳಿಯುತ್ತ.

"ಆ ಹುಡುಗ ಈಗ ಎಲ್ಲಿದಾನೆ ಗೊತ್ತಾ? ಹಿಡಿಯೋರಿಲ್ಲ ಅವನನ್ನ! ನಲವತ್ತೇ ಪ್ರತಿ ತೆಗೆದು ಅಚ್ಚನ್ನೇ ಹಾಳುಮಾಡಿದ."

"ಬಾಚಣಿಗೆಗೆ ಏನರ್ಥ ಸಾರ್?"

"ಅಂಗಡಿ ಮಾಲನ್ನೇ ಚಿತ್ರ ಮಾಡಿ, ಕಂಡದ್ದನ್ನೆಲ್ಲ ಕೊಳ್ಳೋ ಜನರನ್ನ ಅಣಕಿಸಿದಾನೆ."

"ಅಣಕಿಸಿಕೊಳ್ಳೋಕೆ ದುಡ್ಡು ಬೇರೆ ಕೊಡ್ತಾರಾ?"

"ಈ ಕೋಣೆಯನ್ನೇ ಕೊಳ್ಳೋವಷ್ಟು ಕೊಡ್ತಾರೆ!"

ಮೂಲೆಯಲ್ಲಿ ಊಟಕ್ಕೆ ಕುಳಿತಿದ್ದ ತಂಗಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಸಲೂನಿನ ಕೋಣೆಯನ್ನು ತಿಂಗಳೊಳಗೆ ಕೊಂಡುಕೊಳ್ಳಿ, ಇಲ್ಲವೇ ಖಾಲಿ ಮಾಡಿ ಎಂದು ಮಾಲೀಕರು ಹೇಳಿಹೋಗಿದ್ದರು. ಅಂದಿನಿಂದ ಇಬ್ಬರಿಗೂ ನಿದ್ದೆ ಹತ್ತಿರ ಸುಳಿದಿರಲಿಲ್ಲ.

ಚಿತ್ರದಂಗಡಿಯವರು ತಲೆಗೆ ಮೆತ್ತಿದ ಬಣ್ಣದ ಸಮೇತ ಎದ್ದು ಹೋಗಿ ಚಿತ್ರದ ಗಾಜಿಗೆ ಮೂಗು ತಾಗಿಸಿದರು. "ಉಳಿದ ಪ್ರತಿಗಳೆಲ್ಲ ಬಿಳಿಚಿಕೊಂಡಿವೆ. ಇದನ್ನ ನೋಡಿ, ನಿನ್ನೆ ಅಚ್ಚಾದ ಹಾಗಿದೆ! ನನ್ನ ಕಣ್ಣು ಮೋಸಹೋಗಲ್ಲಮ್ಮಾ. ಯಾರಾದರೂ ಮೇಲೆ ಬಣ್ಣ ಬಳಿದಿದ್ದರೆ ಅದು ಹೆಣಕ್ಕೆ ಸಿಂಗಾರ. ಮೂರು ಕಾಸಿಗೂ ಬೇಡ." ಬಣ್ಣ ಕಿವಿಯ ಮೇಲೆ ಇಳಿಯುತ್ತಿದ್ದರೂ ಲೆಕ್ಕಿಸದೆ ಅಲ್ಲೇ ನಿಂತು ಒಬ್ಬ ಗಿರಾಕಿಗೆ ಫೋನು ಮಾಡಿ, ಚಿತ್ರ ಕೊಡುವುದಾಗಿ ಮಾತು ಕೊಟ್ಟೇಬಿಟ್ಟರು.

ದೊಡ್ಡಕ್ಕ ಬ್ರಶ್ಶನ್ನು ಬಟ್ಟಲಿಗಿಟ್ಟಳು. ಕಿಟಕಿಯ ಬಿಸಿಲಿಗೆ ಆ ಬಾಚಣಿಗೆಗಳೂ ಎಂದೋ ಬಿಳಿಚಿದ್ದವು. ಗೋಡೆಗೆ ಸುಣ್ಣ ಹೊಡೆಸಿದಾಗಲೆಲ್ಲ ಅವಳು ಚೌಕಟ್ಟು ಬಿಚ್ಚಿ, ಬಟ್ಟಲಲ್ಲಿ ಮಿಕ್ಕ, ಕೂದಲಿಗೆ ಹಚ್ಚುವ ಕೆಂಪು ಬಣ್ಣವನ್ನು ಅವಕ್ಕೆ ಸವರುತ್ತಿದ್ದಳು. ಮಾಸಿದ್ದು ಕಣ್ಣಿಗೆ ಬಿದ್ದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

"ಅಕ್ಕಾ, ಬಾಯಿಗೆ ಬೀಗ ಹಾಕ್ಕೋ" ಎಂದು ತಂಗಿ ಪಿಸುಗುಟ್ಟಿದಳು.

ಅವರ ತಲೆ ತೊಳೆಯುವವರೆಗೆ ದೊಡ್ಡಕ್ಕ ತಡೆದುಕೊಂಡಳು. ಆಮೇಲೆ ಆಗಲಿಲ್ಲ. "ಸಾರ್, ನಿಮ್ಮ ತಲೆಗೆ ಬಳಿಯೋ ಬ್ರಶ್ಶಲ್ಲೇ ಅದಕ್ಕೂ ಬಳಿದಿದೀನಿ."

ಚಿತ್ರದಂಗಡಿಯವರು ನೀರು ಸುರಿಸುತ್ತ ಎದ್ದು ಕುಳಿತರು. ಚಿತ್ರ ನೋಡಿದರು, ಕನ್ನಡಿ ನೋಡಿದರು. "ಯಾರ‍್ಯಾರಿಗೆ ಗೊತ್ತು?"

"ನಮ್ಮ ಮೂವರಿಗೇ."

"ಹಾಗಾದ್ರೆ..." ಅವರು ಟವೆಲಿನಿಂದ ಕತ್ತು ಒರೆಸಿಕೊಂಡರು. "ಎಡಗಡೆ ಕೆಳಗಿಂದು ಸ್ವಲ್ಪ ತೆಳುವಾಗಿದೆ. ಒಂದು ಕೈ ಆಡಿಸಿಬಿಡಿ, ನಾಳೆ ಗಾಡಿ ಕಳಿಸ್ತೀನಿ."

ತಂಗಿ ಆಗಲೇ ಕೆಂಪು ಬಣ್ಣದ ಬಟ್ಟಲು ತಂದು ಮುಂದೆ ಹಿಡಿದಿದ್ದಳು. ಒಂದು ಕೈ ಆಡಿಸಿದರೆ ಕೋಣೆ ತಮ್ಮದು. ದೊಡ್ಡಕ್ಕ ಬ್ರಶ್ಶನ್ನು ಎತ್ತಿಯೂ ಎತ್ತಿದಳು. ಆದರೆ ಕೈ ಮುಂದೆ ಹೋಗಲಿಲ್ಲ.

"ತಲೆಗಾದ್ರೆ ತಿಂಗಳು ಕಳೀತಿದ್ದ ಹಾಗೆ ಬುಡದಲ್ಲಿ ಬಿಳಿ ಇಣುಕಿ ನಿಜ ಹೇಳಿಬಿಡುತ್ತೆ ಸಾರ್. ಇದು ಯಾವತ್ತೂ ಹೇಳಲ್ಲ. ನಾನು ಬಳಿದಿದ್ದೀನಿ ಅಂತ ಬರೆದೇ ಮಾರಿ."

"ಬರೆದರೆ ಚೌಕಟ್ಟಿನ ದುಡ್ಡೂ ಹುಟ್ಟಲ್ಲ!"

"ಹಾಗಾದ್ರೆ ಬಿಡಿ, ಇಲ್ಲೇ ಇರಲಿ."

ತಂಗಿ ಬಟ್ಟಲನ್ನು ಕುಕ್ಕಿ ಒಳಗೆ ಹೋದಳು. ಅಕ್ಕನೊಂದಿಗೆ ಮಾತು ಬಿಟ್ಟಳು. ತಿಂಗಳ ಕೊನೆಗೆ ಕನ್ನಡಿ, ಕುರ್ಚಿ, ಚಿತ್ರ ಎಲ್ಲವನ್ನೂ ಮೂಕಿಯಂತೆಯೇ ಹೊತ್ತು ತಂದು ಮನೆಯ ಮುಂದಿನ ಕೋಣೆಗೆ ಜೋಡಿಸಿದಳು.

ಚಿತ್ರದಂಗಡಿಯವರು ಇನ್ನು ಈ ಕಡೆ ತಲೆಹಾಕಲಾರರು ಎಂದುಕೊಂಡಿದ್ದಳು ದೊಡ್ಡಕ್ಕ. ಬುಡ ಬೆಳ್ಳಗಾಗುತ್ತಿದ್ದಂತೆ ಅವರು ವಿಳಾಸ ಹುಡುಕಿಕೊಂಡು ಬಂದರು. "ಕುರ್ಚಿಯನ್ನ ಆ ಚಿತ್ರದ ಕಡೆ ತಿರುಗಿಸಬೇಡಿ ಅಮ್ಮಾ" ಎಂದಷ್ಟೇ ಹೇಳಿ ಕುಳಿತರು.

"ಇನ್ನು ಮೇಲೆ ರೇಟು ಎರಡರಷ್ಟು ಸಾರ್" ಎಂದಳು ತಂಗಿ ಬಾಗಿಲಲ್ಲಿ ನಿಂತು.

"ಅದ್ಯಾಕೆ?"

"ನಿಮ್ಮ ತಲೆ ಇರೋದು ಒಂದೇ ಪ್ರತಿ ಅಲ್ವಾ?"

ದೊಡ್ಡಕ್ಕ ಸೆರಗು ಬಾಯಿಗೊತ್ತಿಕೊಂಡಳು. ತಂಗಿ ಅವಳತ್ತ ತಿರುಗಿ, "ನಗೋದು ಸಾಕು, ಬಣ್ಣ ಒಣಗ್ತಿದೆ ನೋಡಕ್ಕಾ" ಎಂದಳು.