ಎಡಗಣ್ಣಿನ ಸಂಚಿಕೆ

ಪತ್ರಿಕೆಗೆ ಎಳ್ಳುನೀರು ಬಿಡಲೆಂದೇ ಶಿಕಾಗೋದಿಂದ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬಂದಿದ್ದ ಮಾಲೀಕ ಕಾರ್ಸನ್, ಕೋಟು ಕೂಡ ಬಿಚ್ಚಲಿಲ್ಲ. ನಿಂತಲ್ಲೇ ಹೇಳಿದ: "ಅಕ್ಟೋಬರ್ ಸಂಚಿಕೆಯೇ ಕೊನೆ. ಅದರಲ್ಲೂ ಜೋಡಿ ಚಿತ್ರ ಬೇಡ, ಒಂದೊಂದೇ ಹಾಕು. ಕಾಗದ ಉಳಿಯುತ್ತೆ. ಕೊನೇ ಪುಟದಲ್ಲಿ ಓದುಗರಿಗೆ ಒಂದು ಸಾಲು ಬರೆದುಬಿಡು."

ಸಂಪಾದಕಿ ಅಂಬುಜಾಗೆ ಮೈಯೆಲ್ಲ ಉರಿದುಹೋಯಿತು. ಮುಚ್ಚುವುದು ಹಾಗಿರಲಿ, ಜೋಡಿ ಚಿತ್ರ ಬೇಡವಂತೆ! 'ಡೆಪ್ತ್' ಪತ್ರಿಕೆ ಹುಟ್ಟಿದ್ದೇ ಜೋಡಿ ಚಿತ್ರಕ್ಕಾಗಿ. ಎರಡು ಮಸೂರದ ಕ್ಯಾಮೆರಾದಲ್ಲಿ ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ತೆಗೆದು, ಅಕ್ಕಪಕ್ಕ ಅಚ್ಚು ಹಾಕಿ, ಕನ್ನಡಕದಂಥ ಪುಟ್ಟ ವ್ಯೂಯರಿನಲ್ಲಿ ನೋಡಿದರೆ ಬೆಟ್ಟ ಹಿಂದೆ ಸರಿಯುತ್ತದೆ, ಮರ ಮುಂದೆ ಬರುತ್ತದೆ, ಮಗುವಿನ ಮೂಗು ಹಿಂಡಬಹುದು ಅನ್ನಿಸುತ್ತದೆ. ಒಂದನ್ನೇ ಹಾಕಿದರೆ ಯಾರ ಮನೆಯ ಆಲ್ಬಮ್ಮಿನಲ್ಲೂ ಸಿಗುವ ಚಪ್ಪಟೆ ಫೋಟೋ, ಅಷ್ಟೇ.

1953ರಲ್ಲಿ ಈ ಪತ್ರಿಕೆಗೆ ಅರವತ್ತು ಸಾವಿರ ಓದುಗರು. ಡೆಟ್ರಾಯಿಟಿನ ನಡುಪೇಟೆಯಲ್ಲಿ ಎರಡು ಮಹಡಿಯ ಕಚೇರಿ. ರಜೆಗೆ ಹೋದವರೆಲ್ಲ ಜೋಡಿ ಚಿತ್ರ ತೆಗೆಯುತ್ತಿದ್ದ ಕಾಲ ಅದು. ಆಮೇಲೆ ಮನೆಮನೆಗೂ ಟೀವಿ ಬಂತು, ಒತ್ತಿದ ನಿಮಿಷಕ್ಕೆ ಚಿತ್ರ ಉಗುಳುವ ಕ್ಯಾಮೆರಾ ಬಂತು, ವ್ಯೂಯರುಗಳು ಅಟ್ಟ ಸೇರಿದವು. ಕಚೇರಿ ಪಕ್ಕದ ಊರು ವಾರೆನ್ನಿನ ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗೆ ಬಂದು ಮುದುರಿಕೊಂಡಿತು. 1968ರಲ್ಲಿ ಅಂಬುಜಾ ಸೇರಿದಾಗ ಓದುಗರು ಆರು ಸಾವಿರ. ಈಗ, 1974ರಲ್ಲಿ, ಒಂಬೈನೂರು. ಆದರೆ ಎಂಥ ಒಂಬೈನೂರು! ಆನ್ ಆರ್ಬರಿನ ಡಾಕ್ಟರುಗಳು, ಬಂಡೆಗಲ್ಲಿನ ಮೇಲೇ ಬದುಕು ಸವೆಸಿದ ಪ್ರೊಫೆಸರುಗಳು, ಕಾರಿನ ಮಾದರಿಗಳನ್ನು ಜೇಡಿಮಣ್ಣಿನಲ್ಲಿ ತಿದ್ದುವ ಡಿಸೈನರುಗಳು. ಕೂದಲೆಳೆಯಷ್ಟು ತಪ್ಪಿದರೂ ಮೂರು ಪುಟ ಕಾಗದ ಬರೆಯುವ ಹಠಮಾರಿಗಳು.

ಅವಳು ಕೆಲಸಕ್ಕೆ ಸೇರಿದ್ದೂ ಅಂಥದೇ ಕಾಗದ ಬರೆದು. ಎಂಜಿನಿಯರ್ ಗಂಡ ತಿರುಮಲೇಶನ ಜೊತೆ ವಾರೆನ್ನಿಗೆ ಬಂದ ಮೊದಲ ಚಳಿಗಾಲ, ಲೈಬ್ರರಿಯಲ್ಲಿ ಸಿಕ್ಕ ಸಂಚಿಕೆಯೊಂದರಲ್ಲಿ ಎಡ ಬಲ ಅದಲುಬದಲಾಗಿತ್ತು. ವ್ಯೂಯರಿನಲ್ಲಿ ದೂರದ ಬೆಟ್ಟ ಎದೆಗೆ ಬಂದು ಹಾಯುತ್ತಿತ್ತು, ಹತ್ತಿರದ ಸೇತುವೆ ಅದರ ಹಿಂದೆ ಅಡಗಿತ್ತು. ಮೈಸೂರಿನಲ್ಲಿ ಫಿಸಿಕ್ಸ್ ಓದಿದವಳಿಗೆ ತಡೆಯಲಾಗಲಿಲ್ಲ, ಬರೆದೇಬಿಟ್ಟಳು. ಹಳೆಯ ಸಂಪಾದಕರು ಉತ್ತರದ ಬದಲು ಕೆಲಸ ಕೊಟ್ಟರು. ಅವರು ತೀರಿಕೊಂಡ ಮೇಲೆ ಪತ್ರಿಕೆಯನ್ನು ಕಾರ್ಸನ್ ಕೊಂಡ, ಕಚೇರಿಯಲ್ಲಿ ಉಳಿದವಳು ಅವಳೊಬ್ಬಳೇ.

ಅಂದು ಊಟಕ್ಕೆ ಕೂತಾಗ ತಿರುಮಲೇಶ ಸಮಾಧಾನ ಹೇಳಲು ಹೊರಟ. "ಹೋಗ್ಲಿ ಬಿಡು ಅಂಬುಜಾ. ನಮ್ಮ ಟೆಕ್ ಸೆಂಟರ್ ಲೈಬ್ರರೀಲಿ ಅಪ್ಲೈ ಮಾಡು. ಸತ್ತಿರೋ ಪತ್ರಿಕೇನ ಎಷ್ಟು ದಿನ ಅಂತ ಹೊರ್ತೀಯ?"

"ಸತ್ತಿಲ್ಲ ಕಣ್ರೀ, ಸಾಯಿಸ್ತಿದಾರೆ. ಎರಡೂ ಒಂದೇನಾ?"

"ಸಾರು ಚೆನ್ನಾಗಿದೆ," ಎಂದು ಆತ ಇನ್ನೊಂದು ಸೌಟು ಬಡಿಸಿಕೊಂಡ. ಯಾವಾಗ ಮಾತು ಬದಲಿಸಬೇಕು ಎಂಬುದನ್ನಂತೂ ಆತ ಈ ಸಂಸಾರದಲ್ಲಿ ಚೆನ್ನಾಗಿ ಕಲಿತಿದ್ದ.

ಮರುದಿನ ಅಂಬುಜಾ ಅಕ್ಟೋಬರಿನ ಪುಟಗಳನ್ನು ಅಂಟಿಸಿದಳು. ಹನ್ನೆರಡು ಚಿತ್ರ, ಮಾಲೀಕ ಹೇಳಿದಂತೆ ಒಂದೊಂದೇ. ಹನ್ನೆರಡೂ ಎಡಗಣ್ಣಿನವು. ಕೊನೆಯ ಪುಟದಲ್ಲಿ, ಅವನು ಕೇಳಿದಂತೆ, ಓದುಗರಿಗೆ ಒಂದು ಸಾಲು: 'ಇವುಗಳ ಬಲಗಣ್ಣಿನ ಚಿತ್ರಗಳು ನವೆಂಬರಿನಲ್ಲಿ. ತಡವಾದರೆ ಈ ವಿಳಾಸಕ್ಕೆ ಬರೆಯಿರಿ.' ಕೆಳಗೆ ಕಾರ್ಸನ್ನನ ಶಿಕಾಗೋ ಕಚೇರಿಯ ವಿಳಾಸ.

ಕಾರ್ಸನ್ ಫೋನಿನಲ್ಲಿ ಕೇಳಿದ್ದು ಒಂದೇ. "ಒಂದೊಂದೇ ತಾನೆ?"

"ಒಂದೊಂದೇ," ಎಂದಳು. ಅದರಲ್ಲಿ ಸುಳ್ಳೇನಿತ್ತು?

ನವೆಂಬರ್ ಬಂತು, ಸಂಚಿಕೆ ಬರಲಿಲ್ಲ. ಮೂರು ವಾರದಲ್ಲಿ ಶಿಕಾಗೋ ಕಚೇರಿಗೆ ಆರುನೂರು ಕಾಗದ ಹೋಗಿ ಬಿದ್ದವು. ಮೊಣಕಾಲಿನ ಜೋಡಿ ಚಿತ್ರದಲ್ಲಿ ಅರ್ಧ ತೋರಿಸಿ ಓಡಿಹೋಗುವುದು ಯಾವ ನ್ಯಾಯವೆಂದು ಮೂಳೆ ಡಾಕ್ಟರೊಬ್ಬರು ಕೇಳಿದ್ದರು. ಅಚ್ಚು ಹಾಕಿದ ಮಾತಿಗೆ ತಪ್ಪಿದರೆ ಕೋರ್ಟಿಗೆ ಎಳೆಯುತ್ತೇನೆಂದು ಪ್ರೊಫೆಸರೊಬ್ಬರು ವಕೀಲರ ಕೈಯಲ್ಲೇ ಬರೆಸಿದ್ದರು. ಕಾರ್ಸನ್ ಮತ್ತೆ ಮುನ್ನೂರು ಮೈಲಿ ಬಂದ. ಈ ಸಲ ಕೋಟು ಬಿಚ್ಚಿ ಎಸೆದು ಕೂತ.

"ನನ್ನ ಕಣ್ಣಿಗೇ ಮಣ್ಣೆರಚಿದೆಯಲ್ಲ!"

"ಒಂದೊಂದೇ ಹಾಕು ಅಂದಿರಿ, ಹಾಕಿದೆ."

"ಈ ಕ್ಷಣ ನಿನ್ನನ್ನ ಕೆಲಸದಿಂದ ತೆಗೀಬಹುದು, ಗೊತ್ತಾ?"

"ತೆಗೀರಿ. ಈ ಕಪಾಟಿನಲ್ಲಿ ನಾಲ್ಕು ಸಾವಿರ ನೆಗೆಟಿವ್ ಇದೆ. ಯಾವ ಎಡಕ್ಕೆ ಯಾವ ಬಲ ಅಂತ ನೀವೇ ಹುಡುಕಿಕೊಳ್ಳಿ." ಕಪಾಟಿನ ಬೀಗದ ಕೈಯನ್ನು ಅವನ ಮುಂದಿಟ್ಟಳು. ಹೆದರಿಕೆ ಇರಲಿಲ್ಲ ಎಂದರೆ ಯಾರು ನಂಬುತ್ತಾರೆ? ಆದರೆ ಕಣ್ಣು ಮಾತ್ರ ತಗ್ಗಿಸಲಿಲ್ಲ.

ಕಾರ್ಸನ್ ಕಪಾಟನ್ನು ನೋಡಿದ, ಅವಳನ್ನು ನೋಡಿದ. "ನವೆಂಬರ್ ಒಂದೇ. ಹನ್ನೆರಡು ಬಲಗಣ್ಣು ಹಾಕಿ ಮುಗಿಸು. ಆಮೇಲೆ ಈ ಪತ್ರಿಕೆಯ ಹೆಸರು ನನ್ನ ಕಿವಿಗೆ ಬೀಳಬಾರದು," ಎಂದು ದಡದಡ ಮೆಟ್ಟಿಲಿಳಿದ.

ಅವನ ಕಾರು ರಸ್ತೆ ಸೇರುವುದನ್ನು ನೋಡಿ ಅಂಬುಜಾ ಅಂಟು ತೆಗೆದುಕೊಂಡು ಕೂತಳು. ನವೆಂಬರಿನ ಎಡಪುಟಗಳಲ್ಲಿ ಹನ್ನೆರಡು ಬಲಗಣ್ಣಿನ ಚಿತ್ರಗಳು ಒಪ್ಪವಾಗಿ ಕೂತವು. ಎದುರು ಪುಟಗಳು ಖಾಲಿ ಉಳಿದಿದ್ದವು. ಕಪಾಟಿನಿಂದ ಹನ್ನೆರಡು ಹೊಸ ಚಿತ್ರ ಆರಿಸಿ, ಅವಸರವಿಲ್ಲದೆ, ಒಂದೊಂದಾಗಿ ಅಲ್ಲಿ ಅಂಟಿಸಿದಳು. ಎಲ್ಲವೂ ಎಡಗಣ್ಣಿನವು.