ದೀಪಶ್ರೀ ಕೋಳಿ ತಿಂದ ವಿಷಯ

ಗೋಣಿಬೀಡಿನಲ್ಲಿ ಕಾಫಿಪುಡಿ ಅಂಗಡಿ ನಡೆಸುವ ದೀಪಶ್ರೀ ಹತ್ತೊಂಬತ್ತು ವರ್ಷ ಮಾಂಸ ಮುಟ್ಟಿರಲಿಲ್ಲ. ಅವಳು ಹುಟ್ಟಿದ್ದು ಜಾವಳಿಯ ಗೌಡರ ಮನೆಯಲ್ಲಿ. ಅಲ್ಲಿ ಭಾನುವಾರ ಕಡುಬು, ಕೋಳಿಸಾರು ಇಲ್ಲದಿದ್ದರೆ ಊಟ ಎನ್ನಿಸುತ್ತಲೇ ಇರಲಿಲ್ಲ. ಕಾಲೇಜಿನಲ್ಲಿ ಜೊತೆಗೆ ಓದಿದ ಬಸವಪ್ರಸಾದನನ್ನು ಮೆಚ್ಚಿ ಮದುವೆಯಾದಾಗ ಅವನ ಲಿಂಗಾಯತ ಮನೆಯವರು ಹೆಚ್ಚು ತಕರಾರು ಮಾಡಲಿಲ್ಲ. ಲಿಂಗ ಕಟ್ಟಿಕೊಳ್ಳುವುದು ಅವಳಿಗೇ ಮನಸ್ಸು ಬಂದಾಗ ಆಗಲಿ ಎಂದಿದ್ದರು, ಈಗಿಲ್ಲದ ಮಾವ ಲಿಂಗಪ್ಪ. ಅತ್ತೆ ವಿಶಾಲಾಕ್ಷಮ್ಮ ಕೇಳಿದ್ದು ಒಂದೇ ಮಾತು: ಮಾಂಸ ಬಿಡಬೇಕು, ತವರಿನಲ್ಲೂ. ಇಪ್ಪತ್ತಮೂರರ ಹುಡುಗಿ ಯೋಚಿಸದೆ ಒಪ್ಪಿಕೊಂಡಿದ್ದಳು.

ಕಳೆದ ಆಗಸ್ಟಿನಲ್ಲಿ ಮೂಡಿಗೆರೆಯ ಬೆಳೆಗಾರರ ತಂಡವೊಂದು ವಿಯೆಟ್ನಾಮಿನ ಕಾಫಿ ತೋಟಗಳನ್ನು ನೋಡಲು ಹೊರಟಿತು. ದೀಪಶ್ರೀಯೂ ಸೇರಿಕೊಂಡಳು. ದಾರಿಗೆಂದು ಅತ್ತೆಯೇ ಚಟ್ನಿಪುಡಿ, ಒಗ್ಗರಣೆ ಹಾಕಿದ ಅವಲಕ್ಕಿ ಕಟ್ಟಿಕೊಟ್ಟರು.

ನಾಲ್ಕನೆಯ ದಿನ ಹ್ವಾ ಎಂಬ ಹೆಂಗಸಿನ ತೋಟಕ್ಕೆ ಹೋದರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ತೋಟ ಮಾಡಿಸುತ್ತಿದ್ದ ಅವಳೂ ದೀಪಶ್ರೀಯೂ ಬೀಜ ಹುರಿಯುವ ಹದದ ಬಗ್ಗೆ ದುಭಾಷಿಯ ಮೂಲಕ ಗಂಟೆಗಟ್ಟಲೆ ಮಾತಾಡಿದರು. ಮಧ್ಯಾಹ್ನ ಚಾಪೆ ಹಾಸಿ ಬಡಿಸಿದರು. ಸಸ್ಯಾಹಾರಿಗಳಿಗೆ ಸೊಪ್ಪಿನ ಪಲ್ಯ ಒಂದು ಕಡೆ, ನಿಂಬೆಯ ಪರಿಮಳದ ಮಜ್ಜಿಗೆಹುಲ್ಲು ಹಾಕಿ ಬೇಯಿಸಿದ ಊರುಕೋಳಿ ಇನ್ನೊಂದು ಕಡೆ. ಸೊಪ್ಪಿನ ಕಡೆ ಕುಳಿತಿದ್ದ ದೀಪಶ್ರೀ ಎದ್ದು, ತಟ್ಟೆ ಹಿಡಿದು ಹ್ವಾಳ ಪಕ್ಕಕ್ಕೆ ಹೋಗಿ ಕುಳಿತಳು. ಯಾರೂ ಒತ್ತಾಯ ಮಾಡಿರಲಿಲ್ಲ, ಹಸಿವೂ ಅಷ್ಟಿರಲಿಲ್ಲ. ತಿನ್ನಬೇಕೆನಿಸಿತು, ತಿಂದಳು. ಮೊದಲ ತುತ್ತನ್ನು ಅಗಿಯಲಾರದೆ ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಆಮೇಲೆ ಮೂಳೆ ಬಿಡಿಸಲು ಬೆರಳುಗಳಿಗೆ ಯಾರೂ ನೆನಪಿಸಬೇಕಾಗಲಿಲ್ಲ.

ಕೈ ತೊಳೆಯುವಾಗ ತಂಡದ ಹಿರಿಯರಾದ ಸೋಮಶೇಖರಪ್ಪ ಹತ್ತಿರ ಬಂದರು. ಅವರು ಬಸವಪ್ರಸಾದನ ಸಂಬಂಧಿ.

"ನಾನೇನೂ ನೋಡ್ಲಿಲ್ಲಮ್ಮ. ಊರಲ್ಲಿ ಯಾರಿಗೂ ಗೊತ್ತಾಗಲ್ಲ ಬಿಡಿ."

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೂ ಅವಳಿಗೆ ಆ ಮಾತು ಚುಚ್ಚಿತು. ತಾನೇನು ಕದ್ದಿದ್ದೇನೆಯೇ? ಮನೆಯಲ್ಲಿ ತಾನೇ ಹೇಳಬೇಕು ಎಂದು ಬಸ್ಸು ಬೆಟ್ಟ ಇಳಿಯುವುದರೊಳಗೆ ನಿಶ್ಚಯಿಸಿದಳು.

ಊರಿಗೆ ಮರಳಿದ ದಿನ ಮೊದಲು ಹೇಳಿದ್ದು ಗಂಡನಿಗೆ. ಅವನಿಗೆ ಸಿಟ್ಟು ಬರಲಿಲ್ಲ, ಭಯವಾಯಿತು. ಅಮ್ಮನಿಗೆ ಎಪ್ಪತ್ತೆರಡಾಗಿದೆ, ಸುಮ್ಮನಿದ್ದುಬಿಡು ಎಂದು ಬೇಡಿಕೊಂಡ. ಅವಳು ಅಂದು ಸಂಜೆಯೇ, ಹಿತ್ತಲ ಬಾಗಿಲಲ್ಲಿ ಕುಳಿತು ಹುರುಳಿಕಾಯಿ ಮುರಿಯುತ್ತಿದ್ದ ಅತ್ತೆಯ ಎದುರು ಹೋಗಿ ಕುಳಿತು ಹೇಳಿದಳು.

ವಿಶಾಲಾಕ್ಷಮ್ಮನ ಕೈ ನಿಂತಿತು. "ಗೊತ್ತಿಲ್ದೆ ತಿಂದ್ಯಾ?"

"ಗೊತ್ತಿದ್ದೇ ತಿಂದೆ ಅತ್ತೆ. ಇನ್ಮೇಲೆ ಜಾವಳಿಗೆ ಹೋದಾಗ್ಲೂ ತಿಂತೀನಿ. ಈ ಮನೆಗೆ ತರಲ್ಲ, ಇಲ್ಲಿ ಬೇಯಿಸಲ್ಲ. ನಿಮಗೆ ಕೊಟ್ಟ ಮಾತು ಮುರಿದೆ, ಅದಕ್ಕೆ ನೀವು ಬೈದ್ರೆ ಬೈಸ್ಕೊಳ್ತೀನಿ. ಆದ್ರೆ ಮುಚ್ಚಿಡಲ್ಲ."

"ಇಷ್ಟು ವರ್ಷ ಮನಸ್ಸಿಲ್ದೇ ಇದ್ಯಾ ಹಂಗಾದ್ರೆ?"

ಈ ಪ್ರಶ್ನೆಯನ್ನು ಅವಳು ನಿರೀಕ್ಷಿಸಿರಲಿಲ್ಲ. ಯೋಚಿಸಿ ಇದ್ದದ್ದನ್ನೇ ಹೇಳಿದಳು: ಮೊದಲ ನಾಲ್ಕೈದು ವರ್ಷ ಕಷ್ಟವಾಯಿತು, ಆಮೇಲೆ ಮರೆತೇ ಹೋಯಿತು, ಈ ಮನೆಯಲ್ಲಿ ತನಗೆ ದುಃಖವೇನೂ ಇರಲಿಲ್ಲ. ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು.

ಮರುದಿನದಿಂದ ಅಡುಗೆಮನೆಯನ್ನು ಅವರು ಸೊಸೆಗೆ ಬಿಟ್ಟುಕೊಡಲಿಲ್ಲ. ಮಣಿಕಟ್ಟು ನೋವಿದ್ದರೂ ತಾವೇ ರೊಟ್ಟಿ ತಟ್ಟಿದರು, ಸೊಸೆಗೂ ಬಡಿಸಿದರು. ಮಾತು ಮಾತ್ರ ಬೇಕಾದಷ್ಟೇ. ಒಂದು ಸಲ ತಪ್ಪಾಯ್ತು ಅಂದುಬಿಡು, ಮುಗಿದುಹೋಗುತ್ತದೆ ಎಂದು ಬಸವಪ್ರಸಾದ ದಿನಕ್ಕೊಮ್ಮೆ ಹೇಳುತ್ತಿದ್ದ. ಮಾತು ಮುರಿದದ್ದು ತಪ್ಪು ಎಂದು ಆಗಲೇ ಹೇಳಿದ್ದೇನೆ, ತಿಂದದ್ದು ತಪ್ಪು ಎಂದು ಹೇಳಲಾರೆ ಎಂದು ಅವಳು ಪ್ರತಿ ಸಲವೂ ಉತ್ತರ ಕೊಟ್ಟಳು. ಬೆಳಿಗ್ಗೆ ಅಂಗಳ ಗುಡಿಸಿ, ಪಾತ್ರೆ ತೊಳೆದು, ಅಂಗಡಿಗೆ ಹೋದಳು. ಹೀಗೆ ತಿಂಗಳು ಕಳೆಯಿತು.

ಪಿತೃಪಕ್ಷದಲ್ಲಿ ಜಾವಳಿಯ ಅಣ್ಣ ಮಲ್ಲಿಕಾರ್ಜುನ ಹಿರಿಯರಿಗೆ ಎಡೆ ಇಡುವ ದಿನ ಬಂತು. ಹೊರಡುವ ಮುಂಚೆ ದೀಪಶ್ರೀ ಅತ್ತೆಗೆ, ಊಟ ಮಾಡಿಕೊಂಡೇ ಬರುತ್ತೇನೆ ಎಂದಳು. ಏನು ಊಟ ಎಂದು ಅವರು ಕೇಳಲಿಲ್ಲ. ಅಣ್ಣನ ಮನೆಯಲ್ಲಿ, ಎಡೆ ಎತ್ತಿದ ಮೇಲೆ, ಎಲ್ಲರೊಂದಿಗೆ ಸಾಲಿನಲ್ಲಿ ಕುಳಿತು ಉಂಡಳು. ಅವಳ ಎಲೆಗೆ ಕೋಳಿಸಾರು ಬಡಿಸುವಾಗ ಅತ್ತಿಗೆಯ ಕೈ ಒಂದು ಕ್ಷಣ ತಡೆಯಿತು. ಅವಳು ತಲೆಯಾಡಿಸಿದ ಮೇಲೆ ಸೌಟು ತುಂಬಾ ಹಾಕಿದರು.

ಸಂಜೆ ಬಸ್ಸಿಳಿದು ಬಂದಾಗ ವಿಶಾಲಾಕ್ಷಮ್ಮ ಜಗಲಿಯಲ್ಲಿ ಕುಳಿತಿದ್ದರು. ಸೊಸೆಯ ಮುಖವನ್ನು ನೋಡದೆ ಹೇಳಿದರು: "ಬಚ್ಚಲಲ್ಲಿ ನೀರು ಕಾದಿದೆ. ಮಿಂದು ಬಾ. ಹಿಟ್ಟು ನಾದೋಕೆ ನನ್ನ ಕೈಯಲ್ಲಿ ಆಗಲ್ಲ ಇವತ್ತು."

ದೀಪಶ್ರೀ ಮಿಂದು, ಸೀರೆ ಬದಲಿಸಿ, ಅಡುಗೆಮನೆಗೆ ಹೋದಳು. ಪರಾತಕ್ಕೆ ಅಕ್ಕಿಹಿಟ್ಟು ಹಾಕಿ ಬಿಸಿನೀರು ಸುರಿದಳು. ಸ್ವಲ್ಪ ಹೊತ್ತಿಗೆ ಅತ್ತೆಯೂ ಒಳಬಂದು, ನೀರು ಸಾಲದು ಎಂದು ಇನ್ನೊಂದು ಲೋಟ ಹಾಕಿದರು.