ಅಕ್ಕನ ಪಾಲಿನ ನೀರು

ಈಜುಕೊಳ ಖಾಲಿಯಾದ ಮೇಲೂ ಮೀನು ಟೀಚರ್ ದಿನಾ ಕೆಲಸಕ್ಕೆ ಹೋಗುತ್ತಿದ್ದಳು. ಈಜು ಕಲಿಸುವವಳಿಗೆ ಊರು ಇಟ್ಟ ಹೆಸರು ಅದು. ಹೆತ್ತವರು ಇಟ್ಟದ್ದು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಾಗುತ್ತಿರಲಿಲ್ಲ. ಬರ ಬಿದ್ದ ವರ್ಷ ಬೆಂಕಿ ಆರಿಸುವವರ ಟ್ಯಾಂಕರುಗಳು ಬಂದು ಕೊಳದ ನೀರನ್ನೆಲ್ಲ ಎಳೆದುಕೊಂಡು ಹೋದವು. ಕಲಿಯುವವರು ಬರುವುದು ನಿಂತಿತು. ಕಟ್ಟಡ ಕಾಯುವುದಕ್ಕೆ ಒಬ್ಬರಾದರೂ ಬೇಕಲ್ಲ ಎಂದು ಮ್ಯಾನೇಜರ್ ಬೀಗದ ಕೈಯನ್ನು ಅವಳ ಕೈಗಿಟ್ಟು, ತಾನು ಮನೆಯಲ್ಲಿ ಆರಾಮಾಗಿ ಕೂತುಬಿಟ್ಟ.

ಅವಳು ಪೊರಕೆ ಹಿಡಿದು ಇಳಿಜಾರಿನಲ್ಲಿ ನಡೆದು ಕೊಳದ ತಳಕ್ಕೆ ಹೋಗುತ್ತಿದ್ದಳು. ನೀಲಿ ಹಂಚುಗಳ ಮೇಲೆ ಧೂಳು, ಒಣಗಿದ ಎಲೆ, ಗಾಳಿಗೆ ಹಾರಿಬಂದ ಕಾಗದದ ಚೂರು. ಆಳದ ಕಡೆ ಗುಡಿಸುತ್ತ ಹೋದ ಹಾಗೆ ಎರಡೂ ಕಡೆ ಗೋಡೆ ಎತ್ತರವಾಗುತ್ತಿತ್ತು, ಬೀದಿಯ ಸದ್ದು ಎಲ್ಲೋ ದೂರಕ್ಕೆ ಸರಿಯುತ್ತಿತ್ತು. ಒಂದು ಜಾಗಕ್ಕೆ ಬಂದರೆ ಸಾಕು, ನೀರು ತನ್ನ ತಲೆಯ ಮೇಲಿದೆ ಅನ್ನಿಸಿಬಿಡುತ್ತಿತ್ತು. ಗೊತ್ತಿಲ್ಲದೇ ಉಸಿರು ಹಿಡಿಯುತ್ತಿದ್ದಳು. ಹಕ್ಕಿಯ ನೆರಳು ತಳದ ಮೇಲೆ ಜಾರಿಹೋದರೆ ಮೇಲೆ ಯಾರೋ ಈಜಿಕೊಂಡು ಹೋದ ಹಾಗೆ. ಗುಡಿಸುವ ಕೈ ತಾನಾಗಿ ನಿಧಾನವಾಗುತ್ತಿತ್ತು. ಆಮೇಲೆ ಕೆಮ್ಮಿ, ತನಗೆ ತಾನೇ ನಕ್ಕು, ಮತ್ತೆ ಗುಡಿಸುತ್ತಿದ್ದಳು.

ಮನೆಯಲ್ಲಿ ಅಕ್ಕ ಕಿಟಕಿಯ ಪಕ್ಕದ ಮಂಚದ ಮೇಲೆ ಇರುತ್ತಿದ್ದಳು. ಮೈಯ ಒಂದೊಂದೇ ಸ್ನಾಯು ಕೈಕೊಡುವ ಕಾಯಿಲೆ ಅವಳದ್ದು. ಬಟ್ಟೆ ಹೊಲಿಯುತ್ತಿದ್ದವಳ ಬೆರಳಿಂದ ಮೊದಲು ಸೂಜಿ ಜಾರಿತು, ಆಮೇಲೆ ಲೋಟ, ಆಮೇಲೆ ಕಾಲೂ ನೆಲ ಬಿಟ್ಟಿತು. ತಲೆ ಮಾತ್ರ ಮೊದಲಿನಷ್ಟೇ ಚುರುಕು. ನಾಲಿಗೆ ಭಾರವಾಗಿ ಮಾತು ನಿಂತು ನಿಂತು, ಕೈಕಂಬಿ ಹಿಡಿದು ಮೆಟ್ಟಿಲಿಳಿಯುವವರ ಹಾಗೆ ಬರುತ್ತಿತ್ತು. ತಂಗಿಗೆ ಈಜು ಕಲಿಸಿದವಳೂ ಅವಳೇ. ಕಲಿಸಿದ್ದು ಅಂದರೆ, ಹಿಂದಿನಿಂದ ಕೊಳಕ್ಕೆ ನೂಕಿ, ಅಯ್ಯೋ ಮುಳುಗಿದಳಲ್ಲ ಎಂದು ಕಿರುಚಿ, ತಾನೂ ಹಾರಿದ್ದು.

ಭಾವ ಬೇಕರಿಯಲ್ಲಿ ಬ್ರೆಡ್ ಸುಡುವವರು. ಬೆಳಗಿನ ಪಾಳಿ ಮುಗಿಸಿ, ಹುಬ್ಬಿನ ತುಂಬ ಹಿಟ್ಟು ಮೆತ್ತಿಕೊಂಡೇ ಬಂದು, ಒಂದು ಚೊಂಬು ನೀರಿನಲ್ಲಿ ಬಟ್ಟೆ ಅದ್ದಿ ಹೆಂಡತಿಯ ಮೈ ಒರೆಸುತ್ತಿದ್ದರು.

"ಇವತ್ತು ರಾಣಿಯವರಿಗೆ ಮುಖಕ್ಕೆ ಮಾತ್ರ ಸ್ನಾನವೋ, ಕತ್ತಿಗೂ ಇದೆಯೋ?"

"ಕಿವಿ... ಹಿಂದೆ... ಮರೀಬೇಡಿ," ಎನ್ನುತ್ತಿದ್ದಳು ಅಕ್ಕ.

ಬೀದಿಯ ನಲ್ಲಿಯಲ್ಲಿ ನೀರು ಬರುವ ದಿನ ಬೆಳಗಿನಿಂದಲೇ ಕೊಡಗಳ ಸಾಲು. ಯಾರ ಪಾಲು ಎಷ್ಟು ಅನ್ನುವುದು ಎಲ್ಲರಿಗೂ ಗೊತ್ತು. ಯಾರ ಕೊಡ ಒಂದು ಬೆರಳು ಹೆಚ್ಚು ತುಂಬಿದರೂ ಬೀದಿಗೇ ಕಣ್ಣು ಕೆಂಪಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಆ ಹುಚ್ಚು ಊರಿಗೆ ಬಂತು. ಒಬ್ಬರು ಫೋನಿನ ಮುಂದೆ ನಿಂತು ಬಕೆಟ್ ತುಂಬ ತಣ್ಣೀರನ್ನು ತಲೆ ಮೇಲೆ ಸುರಿದುಕೊಳ್ಳುವುದು, ಹಲ್ಲು ಕಟಕಟ ಕಡಿಯುತ್ತ ಗೆಳೆಯರ ಹೆಸರು ಕೂಗುವುದು. ಹೆಸರು ಬಂದವರು ತಾವೂ ಸುರಿದುಕೊಳ್ಳಬೇಕು, ಆಸ್ಪತ್ರೆಯ ಒಂದು ವಾರ್ಡಿಗೆ ದುಡ್ಡು ಕೊಡಬೇಕು, ಇನ್ನಷ್ಟು ಜನರ ಹೆಸರು ಹೇಳಬೇಕು. ಆ ವಾರ್ಡು ಅಕ್ಕನಂಥವರಿಗೆಂದೇ ಇದ್ದದ್ದು. ವಾರಕ್ಕೊಮ್ಮೆ ಮನೆಗೆ ಬಂದು ಅಕ್ಕನ ಕೈಕಾಲು ಆಡಿಸಿ ಹೋಗುವ ವ್ಯಾಯಾಮದ ಡಾಕ್ಟರಮ್ಮ ಬರುತ್ತಿದ್ದದ್ದೂ ಅಲ್ಲಿಂದಲೇ.

ಒಂದು ದಿನ ಮೀನು ಟೀಚರ್ ನಲ್ಲಿಯ ಸಾಲಿನಲ್ಲಿ ನಿಂತಿದ್ದಾಗ, ಎದುರಿನ ಕನ್ನಡಕದ ಅಂಗಡಿಯವನು ಮೆಟ್ಟಿಲ ಮೇಲೆ ಬಕೆಟ್ ತಂದಿಟ್ಟ. ಅವನ ಹೆಂಡತಿ ಫೋನ್ ಎತ್ತಿ ಹಿಡಿದಳು. ಬಕೆಟ್ ಮೇಲಕ್ಕೆ ಹೋಯಿತು, ಬಗ್ಗಿತು. ನೀರು ಅವನ ತಲೆ ತೋಯಿಸಿ, ಅಂಗಿ ತೋಯಿಸಿ, ಮೆಟ್ಟಿಲಿಳಿದು ಚರಂಡಿ ಸೇರಿತು. ಅವನು ಕುಣಿದ.

ಟೀಚರಿನ ಮುಂದೆ ನಿಂತಿದ್ದವಳು ಅವರ ಮನೆಯ ಮೇಲಿನ ಮಹಡಿಯಲ್ಲಿರುವ ಅಜ್ಜಿ. "ನನ್ನ ಕೊಡಕ್ಕೆ ಬೀಳಬೇಕಾದ ನೀರು ಅವನ ಚಪ್ಪಲಿಗೆ ಬಿತ್ತು ನೋಡು," ಎಂದಳು, ಅವನಿಗೂ ಕೇಳುವ ಹಾಗೆ.

ಟೀಚರಿಗೆ ಮೈ ಉರಿದುಹೋಯಿತು. ಕೊಡ ಅಲ್ಲೇ ಬಿಟ್ಟು ರಸ್ತೆ ದಾಟಿದಳು.

"ನಿಮಗೇನು ತಲೆ ಕೆಟ್ಟಿದೆಯಾ? ಎದುರಿಗೆ ಇಷ್ಟು ಜನ ಬಾಯಿ ಒಣಗಿಸಿಕೊಂಡು ನಿಂತಿರೋದು ಕಾಣಿಸೋದಿಲ್ವಾ? ಕನ್ನಡಕ ಮಾರೋರು ನೀವು!"

ಅವನು ಮುಖ ಒರೆಸಿಕೊಂಡ. ಬೈಸಿಕೊಂಡ ಮುಖ ಅಲ್ಲ, ನೊಂದ ಮುಖ. "ಇದು ಮೋಜಿಗೆ ಅಲ್ಲ ಟೀಚರ್. ಪಾಪ, ಕೈಕಾಲು ಆಡದೇ ಮಲಗಿರೋರು ಇದ್ದಾರಲ್ಲ, ಅವರಿಗೋಸ್ಕರ. ಅಂಥವರ ಕಷ್ಟ ಏನು ಅಂತ ನಿಮಗೆ ಗೊತ್ತಾ?"

ಆ ಬೀದಿಗೆ ಬಾಡಿಗೆಗೆ ಬಂದಾಗಿನಿಂದ ಅಕ್ಕ ಹೊಸಿಲು ದಾಟಿರಲಿಲ್ಲ. ಅವನಿಗೆ ಹೇಗೆ ತಿಳಿಯಬೇಕು? ಅವನ ಬಕೆಟ್ ಹಿಂದಿರುವ ದುಡ್ಡಿನಿಂದಲೇ ಡಾಕ್ಟರಮ್ಮ ಬರುವುದು ಅನ್ನುವುದೂ ಅವಳಿಗೆ ಗೊತ್ತಿತ್ತು. ಬೈಯುವುದಕ್ಕೂ ಆಗದೆ, ಕೈಮುಗಿಯುವುದಕ್ಕೂ ಆಗದೆ, ಬಂದ ದಾರಿಯಲ್ಲೇ ಹಿಂತಿರುಗಿದಳು. ಅಷ್ಟರಲ್ಲಿ ಸಾಲು ಮುಂದೆ ಸರಿದಿತ್ತು. ಅಜ್ಜಿ ಅವಳ ಕೊಡವನ್ನು ಕಾಲಿನಿಂದ ತಳ್ಳಿ ತಳ್ಳಿ ಕಾಪಾಡಿಕೊಂಡಿದ್ದಳು.

ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಅಕ್ಕ ನಕ್ಕಳು. ಅವಳ ನಗು ಸದ್ದಿಲ್ಲದೆ ಶುರುವಾಗಿ, ತುಂಬ ಹೊತ್ತು ಭುಜದಲ್ಲೇ ಇದ್ದು, ಕೊನೆಗೆ ಕಣ್ಣಿಗೆ ಬರುತ್ತಿತ್ತು.

"ಕುಣಿದ್ನಾ?"

"ಕುಣಿದ. ಕೋತಿ ಹಾಗೆ."

ಅಕ್ಕ ಕಿಟಕಿಯ ಕಡೆ ಕಣ್ಣು ಹೊರಳಿಸಿದಳು. ಕಿಟಕಿಯ ಬೆಳಕು ಅವಳ ಕೆನ್ನೆಯ ಮೇಲಿತ್ತು. ಆಮೇಲೆ ಹೇಳಿದಳು: "ನನ್ನ ಹೆಸರಲ್ಲಿ... ಊರೆಲ್ಲಾ ನೆನೀತಿದೆ. ನಾನೊಬ್ಬಳೇ... ಒಣಗಿದೀನಿ."

ಭಾವ ಬಟ್ಟೆ ಹಿಂಡುತ್ತಿದ್ದ ಕೈ ನಿಲ್ಲಿಸಿದರು.

"ನನ್ನ ತಲೆ ಮೇಲೂ... ಒಂದು ಬಕೆಟ್ ಹುಯ್ಯೇ. ಪೂರ್ತಿ ಬಕೆಟ್. ಕೊಳದಲ್ಲಿ."

"ಏನು ಮಾತು ಅಂತ ಆಡ್ತೀಯ!" ಎಂದರು ಭಾವ. "ನೆಗಡಿ ಆದ್ರೆ? ಮೂಗಿಗೆ ನೀರು ಹೋದ್ರೆ? ಜನ ಏನಂದಾರು?"

"ಜನ... ಕುಣೀತಿದಾರಲ್ಲ."

ಭಾವ ನಾದಿನಿಯ ಕಡೆ ನೋಡಿದರು, ನೀನಾದರೂ ಬುದ್ಧಿ ಹೇಳು ಅನ್ನುವ ಹಾಗೆ. ಆದರೆ ಟೀಚರಿನ ಕಣ್ಣ ಮುಂದೆ ಬೇರೇನೋ ತೇಲುತ್ತಿತ್ತು: ನೀರೊಳಗೆ ಬಿಚ್ಚಿಕೊಂಡ ಕೂದಲು, ತನ್ನತ್ತ ಚಾಚಿದ ಎರಡು ಗಟ್ಟಿ ಕೈ, ಗುಳ್ಳೆಗಳ ನಡುವೆ ನಗುತ್ತಿರುವ ಒಂದು ಮುಖ. "ನಮ್ಮ ಪಾಲಿನಲ್ಲೇ ಉಳಿಸೋಣ ಭಾವ," ಎಂದಳು. "ಬೇರೆಯವರ ಒಂದು ತೊಟ್ಟೂ ಬೇಡ."

ಹಾಗೆ ಮಂಚದ ಕೆಳಗೆ ಒಂದು ಬಕೆಟ್ ಬಂತು, ಮೇಲೆ ಮುಚ್ಚಳ. ಟೀಚರ್ ತಲೆಗೆ ನೀರು ಹಾಕಿಕೊಳ್ಳುವುದನ್ನು ಬಿಟ್ಟು ಕೂದಲಿಗೆ ಬಟ್ಟೆ ಕಟ್ಟಿದಳು. ಭಾವ ಚಹಾ ಬಿಟ್ಟೆನೆಂದು ಘೋಷಿಸಿದರು; ಬೇಕರಿಯಲ್ಲಿ ಕುಡಿದು ಬರುತ್ತಿದ್ದದ್ದು ಅವರ ಮೀಸೆಯ ವಾಸನೆಯಿಂದ ಗೊತ್ತಾಗುತ್ತಿತ್ತು. ದಿನಾ ಒಂದಿಷ್ಟು ಒಂದಿಷ್ಟು ನೀರು ಏರಿತು. ಅಕ್ಕ ಆಗಾಗ "ಮುಚ್ಚಳ ತೆಗಿ" ಎನ್ನುತ್ತಿದ್ದಳು. ತೆಗೆದರೆ ಚಾವಣಿಯ ಮೇಲೆ ಬೆಳಕಿನ ಒಂದು ಚೂರು ಅಲ್ಲಾಡುತ್ತಿತ್ತು. ಅದನ್ನೇ ನೋಡುತ್ತ ಅವಳು ನಿದ್ದೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಬೆಂಕಿಪೆಟ್ಟಿಗೆ ಕೇಳಲು ಬಂದ ಅಜ್ಜಿಗೆ ಆ ಬಕೆಟ್ ಕಂಡಿತು. ಯಾಕಿದು ಎಂದು ಕೇಳಿದಾಗ ಟೀಚರ್ ಸುಳ್ಳು ಹೇಳಲಿಲ್ಲ. ಅಜ್ಜಿ ಮೂಗು ಮುರಿದಳು.

"ದಂಡ ಅಂದ್ರೆ ದಂಡಾನೇ. ಅವನು ಸುರಿದ್ರೂ ದಂಡ, ನೀವು ಸುರಿದ್ರೂ ದಂಡ. ನನ್ನ ಹತ್ರ ನೀರು ಕೇಳಬೇಡ, ಒಂದು ಹನಿ ಕೊಡೋದಿಲ್ಲ."

"ಕೇಳ್ಲಿಲ್ಲ ಅಜ್ಜಿ."

"ಕೇಳಬೇಡ." ಬಾಗಿಲಿನ ತನಕ ಹೋದ ಅಜ್ಜಿ ತಿರುಗಿದಳು. "ಯಾವಾಗ?"

ಕೊಳದ ಬೀದಿ ಬಿಕೋ ಎನ್ನುವ ರಜೆಯ ದಿನ ಅವರು ಹೋದರು. ಗಾಲಿಕುರ್ಚಿಯಲ್ಲಿ ಅಕ್ಕ, ಹಿಂದೆ ತಳ್ಳುವ ಭಾವ, ಎರಡೂ ಕೈಯಲ್ಲಿ ಬಕೆಟ್ ಅಪ್ಪಿಕೊಂಡ ಟೀಚರ್. ಕೊನೆಯಲ್ಲಿ, ತಾನು ಸುಮ್ಮನೆ ನೋಡಲು ಬಂದವಳು ಎಂದು ಎರಡೆರಡು ಸಲ ಹೇಳಿದ ಅಜ್ಜಿ. ಬಕೆಟ್ಟನ್ನು ಬಿಸಿಲಿಗಿಟ್ಟು ನೀರು ಬೆಚ್ಚಗಾಗುವ ತನಕ ಕಾದರು. ಆಮೇಲೆ ಕುರ್ಚಿ ಇಳಿಜಾರಿನಲ್ಲಿ ಮೆಲ್ಲಗೆ ಕೊಳದ ತಳಕ್ಕೆ ಇಳಿಯಿತು.

ಅಕ್ಕ ಕತ್ತು ಎತ್ತಲಾರದೆ ಕಣ್ಣು ಮಾತ್ರ ಎತ್ತಿ ನೋಡಿದಳು. ಸುತ್ತ ನೀಲಿ ಗೋಡೆ, ಮೇಲೆ ಚೌಕಾಕಾರದ ಆಕಾಶ. ಗಾಳಿಯೂ ಅಲ್ಲಿಗೆ ಬಂದು ಮೆತ್ತಗಾಗಿತ್ತು. ಮಾತಾಡಿದರೆ ಮಾತು ಗೋಡೆಗೆ ತಾಗಿ, ನೀರಿನಾಚೆಯಿಂದ ಬಂದ ಹಾಗೆ ದುಂಡಗಾಗಿ ವಾಪಸು ಬರುತ್ತಿತ್ತು.

"ಎಷ್ಟು ಆಳ..." ಎಂದಳು.

ಭಾವ ಫೋನ್ ಹಿಡಿದರು. ವಿಡಿಯೋ ಮಾಡಿ ಎಂದು ವ್ಯಾಯಾಮದ ಡಾಕ್ಟರಮ್ಮ ಕೇಳಿಕೊಂಡಿದ್ದರು. ಕಾಯಿಲೆಯವರೇ ಮುಂದೆ ಬಂದರೆ ವಾರ್ಡಿಗೆ ಒಳ್ಳೆಯದಾಗುತ್ತದೆ ಎಂದಿದ್ದರು. ಅಕ್ಕ ಹೂಂ ಅಂದಿದ್ದಳು. ಟೀಚರ್ ಬಕೆಟ್ ಎತ್ತಿದಳು. ಆಗ ಅಕ್ಕನ ತಲೆ ಎದೆಗೆ ಬಾಗಿಕೊಂಡಿರುವುದು ಕಂಡಿತು. ಹೀಗೆ ಸುರಿದರೆ ಮೂಗಿಗೇ ಹೋಗುತ್ತದೆ. ಅವಳು ತಡೆದಳು.

"ಸರಿ ಬಿಡು, ಕೆಲಸಕ್ಕೆ ಬಾರದೋರು ನೀವು," ಎಂದು ಗೊಣಗುತ್ತ ಅಜ್ಜಿ ಮುಂದೆ ಬಂದು, ಅಕ್ಕನ ತಲೆಯನ್ನು ತನ್ನ ಹೊಟ್ಟೆಗೆ ಆನಿಸಿಕೊಂಡು, ಹಣೆಗೆ ಅಡ್ಡ ಅಂಗೈ ಇಟ್ಟಳು. "ಹುಯ್ಯಿ. ನಿಧಾನ."

ಟೀಚರ್ ಹುಯ್ದಳು. ಒಮ್ಮೆಲೇ ಕವುಚಲಿಲ್ಲ. ನೀರು ಹಗ್ಗದ ಹಾಗೆ ಇಳಿದು ಕೂದಲೊಳಗೆ ದಾರಿ ಮಾಡಿತು, ಕಿವಿಯ ಹಿಂದೆ ಸುತ್ತಿ ಕುತ್ತಿಗೆಗೆ ಬಂತು, ಭುಜದಿಂದ ಕೈಗೆ, ಕೈಯಿಂದ ಬೆರಳಿಗೆ. ಸತ್ತ ಹಾಗೆ ಮಡಿಲಲ್ಲಿ ಬಿದ್ದಿದ್ದ ಬೆರಳುಗಳ ತುದಿಯಲ್ಲಿ ಹನಿಗಳು ಹೊಳೆದವು. ಅಕ್ಕ ಕಣ್ಣು ಮುಚ್ಚಿದಳು. ತುಟಿ ದುಂಡಗೆ ಮಾಡಿ ಮೆಲ್ಲಗೆ ಉಸಿರು ಬಿಟ್ಟಳು, ನೀರೊಳಗೆ ಮುಖವಿಟ್ಟವರು ಬಿಡುವ ಹಾಗೆ. ಮತ್ತೆ ಎಳೆದಳು, ಬಿಟ್ಟಳು. ಟೀಚರಿಗೆ ಕಾಲ ಕೆಳಗಿನ ನೆಲ ಹಗುರವಾದಂತಾಯಿತು. ಆ ಗಳಿಗೆಯಲ್ಲಿ ನಾಲ್ವರೂ ತೇಲುತ್ತಿದ್ದಾರೆ, ಅಜ್ಜಿಯ ಸೀರೆಯ ಸೆರಗೂ ತೇಲುತ್ತಿದೆ ಎಂದರೆ ಅವಳು ನಂಬಿಬಿಡುತ್ತಿದ್ದಳು.

ಬಕೆಟ್ ಬರಿದಾಯಿತು.

"ಇನ್ನೊಂದು," ಎಂದಳು ಅಕ್ಕ, ಕಣ್ಣು ಬಿಡದೆ.

"ಇಲ್ಲ ಕಣೇ ಅಕ್ಕ."

"ಗೊತ್ತು. ಸುಮ್ನೆ... ಕೇಳ್ದೆ."

ಅಜ್ಜಿ ಸೊಂಟದ ತನಕ ತೊಯ್ದಿದ್ದಳು. "ಇದಕ್ಕೇ ನಾನು ಸುಮ್ನೆ ನೋಡೋಕೆ ಬಂದೆ ಅಂದದ್ದು," ಎಂದಳು. ಅಕ್ಕನ ತಲೆಯನ್ನು ಮಾತ್ರ ಬಿಟ್ಟಿರಲಿಲ್ಲ.

ಅಕ್ಕ ಕಣ್ಣು ತೆರೆದು ಭಾವನ ಫೋನನ್ನು ಹುಡುಕಿದಳು. ಹೇಳಬೇಕಾದ್ದನ್ನು ಎಷ್ಟು ದಿನದಿಂದ ಜೋಡಿಸಿಟ್ಟಿದ್ದಳೋ.

"ಈ ಕಾಯಿಲೆ... ನನ್ನದು. ನನ್ನ ಪಾಲಿನ ನೀರು... ನಾನು ಹುಯ್ಕೊಂಡೆ. ನಮ್ಮಂಥವರೆಲ್ಲರ ಲೆಕ್ಕದಲ್ಲಿ... ಇದೇ ಸಾಕು. ನಿಮ್ಮದು ನೀವು... ಕುಡೀರಿ. ದುಡ್ಡು ಮಾತ್ರ... ನಿಲ್ಲಿಸಬೇಡಿ."

ಚೆಲ್ಲಿದ ನೀರು ಇಳಿಜಾರು ಹಿಡಿದು ಆಳದ ಕಡೆಗೆ ಹರಿದು, ಮೂಲೆಯಲ್ಲಿ ತಟ್ಟೆಯಗಲ ನಿಂತಿತ್ತು. ಕುರ್ಚಿಯನ್ನು ಅಲ್ಲಿಗೆ ತಳ್ಳಿ ಅಕ್ಕನ ಪಾದಗಳನ್ನು ಅದರಲ್ಲಿಟ್ಟರು. ಎಲ್ಲಿದ್ದವೋ, ಒಂದೆರಡು ಗುಬ್ಬಚ್ಚಿ ಬಂದು ಅವಳ ಹಿಮ್ಮಡಿಯ ಪಕ್ಕದಲ್ಲೇ ಕುಡಿದವು. ಬಿಸಿಲು ಗೋಡೆ ಹತ್ತಿ ಹೋಗುವ ತನಕ ಯಾರೂ ಏಳಲಿಲ್ಲ.

ಭಾವ ಫೋನನ್ನು ಓರೆಯಾಗಿ ಹಿಡಿದಿದ್ದರಿಂದ ವಿಡಿಯೋದಲ್ಲಿ ಅರ್ಧ ಬರೀ ನೀಲಿ. ಆದರೂ ಅದು ಊರು ಸುತ್ತಿತು. ಕನ್ನಡಕದ ಅಂಗಡಿಯವನು ಅದನ್ನು ನೋಡಿ, ಅಂಗಡಿಗೆ ಬೀಗ ಹಾಕಿ ಮನೆ ಹುಡುಕಿಕೊಂಡು ಬಂದು, ಬಾಗಿಲಲ್ಲಿ ನಿಂತು ಏನು ಹೇಳಬೇಕೋ ತಿಳಿಯದೆ ಒದ್ದಾಡಿದ. ಅಕ್ಕ ಅವನಿಗೆ "ಕುಣಿದು... ತೋರಿಸಿ" ಎಂದಳು. ಅವನು ಕಿವಿಯ ತನಕ ಕೆಂಪಾದ.

ಬಕೆಟ್ಟುಗಳು ನಿಂತವು. ನೀರಿನ ಜೊತೆ ದುಡ್ಡೂ ಇಳಿಯಿತು. ಕೆಲವರು ಕಳಿಸುತ್ತಲೇ ಇದ್ದರು. ಕುಣಿತವಿಲ್ಲದ ಮೇಲೆ ಮತ್ತೆ ಕೆಲವರಿಗೆ ಮರೆತುಹೋಯಿತು. ಡಾಕ್ಟರಮ್ಮ ಒಂದು ದಿನ ಬಂದು, ಇನ್ನು ಮನೆಮನೆಗೆ ಬರುವುದಕ್ಕೆ ವಾರ್ಡಿನವರು ಗಾಡಿ ಕೊಡುವುದಿಲ್ಲ ಎಂದು ತಲೆ ತಗ್ಗಿಸಿ ಹೇಳಿದರು.

"ನಾನು ತಪ್ಪು ಮಾಡಿದ್ನಾ?" ಎಂದು ಅಕ್ಕ ಕೇಳಿದಳು, ಡಾಕ್ಟರಮ್ಮ ಹೋದ ಮೇಲೆ.

"ಗೊತ್ತಿಲ್ಲ ಅಕ್ಕ," ಎಂದಳು ಟೀಚರ್.

ಇಡೀ ದಿನ ಮಂಕಾಗಿ ಕೂತಿದ್ದವಳು ಮರುದಿನ ಮ್ಯಾನೇಜರಿನ ಮನೆಗೆ ಹೋದಳು. ಅವನು ಟವೆಲ್ ಸುತ್ತಿಕೊಂಡು ಬಾಗಿಲು ತೆಗೆದ.

"ಕೊಳದ ಪಕ್ಕದ ಹಾಲ್ ಖಾಲಿ ಬಿದ್ದಿದೆಯಲ್ಲ. ವಾರಕ್ಕೊಂದು ದಿನ ಕೊಡಿ. ಡಾಕ್ಟರಮ್ಮ ಎಲ್ಲರ ಮನೆಗೆ ಹೋಗೋ ಬದಲು ಎಲ್ಲರೂ ಅಲ್ಲಿಗೇ ಬರಲಿ."

"ಮೇಲಿನವರು ಕೇಳಿದ್ರೆ?"

"ಒಣ ಕೊಳ ನೋಡೋಕೆ ಯಾರು ಬರ್ತಾರೆ ಸಾರ್?"

ಅವನು ತಲೆ ಕೆರೆದುಕೊಂಡು ಒಪ್ಪಿದ.

ಈಗ ವಾರಕ್ಕೊಮ್ಮೆ ಆ ಹಾಲಿನಲ್ಲಿ ಗಾಲಿಕುರ್ಚಿಗಳು ಸೇರುತ್ತವೆ. ಇದೇ ಊರಿನಲ್ಲಿ, ಕಿಟಕಿಗಳ ಹಿಂದೆ, ಒಬ್ಬರಿಗೊಬ್ಬರು ಗೊತ್ತಿಲ್ಲದೆ ಮಲಗಿದ್ದವರು. ಡಾಕ್ಟರಮ್ಮ ಒಬ್ಬರಾದ ಮೇಲೆ ಒಬ್ಬರ ಕೈ ಹಿಡಿದು ಆಡಿಸುತ್ತಾರೆ. ಭಾವ ನಿನ್ನೆಯ ಬನ್ನುಗಳನ್ನು ಚೀಲದಲ್ಲಿ ತರುತ್ತಾರೆ. ಮೊದಲ ದಿನ ಎಲ್ಲರೂ ನಾಚಿಕೊಂಡು ನೆಲ ನೋಡುತ್ತಿದ್ದರು. ಕೊನೆಗೆ ಮೂಲೆಯ ಕುರ್ಚಿಯಲ್ಲಿದ್ದ ನಿವೃತ್ತ ಪೋಸ್ಟ್‌ಮ್ಯಾನ್ ಅಕ್ಕನ ಕಡೆ ನೋಡಿ, ಅವಳಿಗಿಂತಲೂ ನಿಧಾನವಾಗಿ ಕೇಳಿದ:

"ಅವತ್ತು ನೀರು... ಹೇಗಿತ್ತಮ್ಮ?"

ಕುರ್ಚಿಗಳು ಒಂದೊಂದಾಗಿ ಅವಳತ್ತ ತಿರುಗಿದವು. ಅಕ್ಕ ಅವಸರ ಮಾಡಲಿಲ್ಲ. ಒಂದೊಂದೇ ಮಾತನ್ನು ಹುಡುಕಿ ತೆಗೆದು, ನೆತ್ತಿಯಿಂದ ಶುರುಮಾಡಿ ಹೇಳುತ್ತ ಹೋದಳು.